ನಾಲ್ಕು ಪಂದ್ಯ, ನಾಲ್ಕು ಗೋಲು: ರೋಬರ್ಟ್ ವಿಟೆಕ್ ಅವರ ವೃತ್ತಿಜೀವನವನ್ನು ಓದುವ ಬಗೆ

2010ರ ಜೂನ್ 24ರಂದು ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್ ಕ್ರೀಡಾಂಗಣದಲ್ಲಿ ಪಂದ್ಯ ಆರಂಭವಾದಾಗ ಅಲ್ಲಿ ಸಂಜೆ ನಾಲ್ಕು ಗಂಟೆ, ನಮ್ಮಲ್ಲಿ ಏಳೂವರೆ. ಒಂದು ಕಡೆ ಹಾಲಿ ವಿಶ್ವ ಚಾಂಪಿಯನ್ ಇಟಲಿ. ಇನ್ನೊಂದು ಕಡೆ ಸ್ವತಂತ್ರ ರಾಷ್ಟ್ರವಾಗಿ ಮೊಟ್ಟಮೊದಲ ಬಾರಿಗೆ ವಿಶ್ವಕಪ್‌ಗೆ ಬಂದಿದ್ದ, ಸುಮಾರು 54 ಲಕ್ಷ ಜನಸಂಖ್ಯೆಯ ಸ್ಲೊವಾಕಿಯಾ. ಇಪ್ಪತ್ತೈದನೆಯ ನಿಮಿಷದಲ್ಲಿ ಇಟಲಿಯ ಡ್ಯಾನಿಯೆಲೆ ಡಿ ರೊಸ್ಸಿ ಕೊಟ್ಟ ಒಂದು ಪಾಸ್ ಗುರಿ ತಪ್ಪಿತು. ಸ್ಲೊವಾಕಿಯಾದ ಯುರಾಯ್ ಕುತ್ಸ್ಕಾ ಅದನ್ನು ಕಸಿದುಕೊಂಡು ಮುಂದಕ್ಕೆ ತಳ್ಳಿದರು. ಚೆಂಡು ಪಡೆದ 28 ವರ್ಷದ ಆಟಗಾರ, ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ನೆಲಮಟ್ಟದಲ್ಲಿ ಒದ್ದು, ಗೋಲ್‌ಕೀಪರ್ ಫೆಡೆರಿಕೊ ಮಾರ್ಕೆಟ್ಟಿ ಅವರನ್ನು ದಾಟಿಸಿ ಬಲೆಯ ಮೂಲೆಗೆ ಸೇರಿಸಿದರು. ಅವರ ಹೆಸರು ರೋಬರ್ಟ್ ವಿಟೆಕ್.

ಆ ವಿಶ್ವಕಪ್ ಮುಗಿದಾಗ ಗೋಲು ಗಳಿಕೆಯ ಪಟ್ಟಿಯಲ್ಲಿ ಐದೈದು ಗೋಲು ಗಳಿಸಿದ್ದ ಥಾಮಸ್ ಮುಲ್ಲರ್, ಡೇವಿಡ್ ವಿಯಾ, ವೆಸ್ಲಿ ಸ್ನೈಡರ್ ಮತ್ತು ಡಿಯಾಗೊ ಫೊರ್ಲಾನ್ ಮೇಲಿದ್ದರು. ಅವರ ಕೆಳಗೆ ನಾಲ್ಕು ಗೋಲುಗಳವರು ಮೂವರೇ: ಜರ್ಮನಿಯ ಮಿರೊಸ್ಲಾವ್ ಕ್ಲೋಸೆ, ಅರ್ಜೆಂಟೀನಾದ ಗೊನ್ಸಾಲೊ ಇಗ್ವಾಯಿನ್ ಮತ್ತು ವಿಟೆಕ್. ಮೊದಲ ಇಬ್ಬರ ಕ್ಲಬ್‌ಗಳು ಬಯರ್ನ್ ಮ್ಯೂನಿಕ್ ಮತ್ತು ರಿಯಲ್ ಮ್ಯಾಡ್ರಿಡ್. ಮೂರನೆಯವರು ಫ್ರಾನ್ಸಿನ ಲಿಲ್ ಕ್ಲಬ್ಬಿನಿಂದ ಟರ್ಕಿಯ ಅಂಕಾರಾಗುಜು ತಂಡಕ್ಕೆ ಎರವಲಾಗಿ ಹೋಗಿ, ಅಲ್ಲಿಂದ ವಿಶ್ವಕಪ್‌ಗೆ ಬಂದವರು.

ಲೀಗ್ ಪಂದ್ಯಗಳಲ್ಲಿ ತನ್ನ ಕ್ಲಬ್ಬಿಗೆ ಅಗತ್ಯವಾಗಿರದ ಸ್ಟ್ರೈಕರ್ (ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರ) ಒಬ್ಬರು ವಿಶ್ವಕಪ್‌ನಲ್ಲಿ ಪಂದ್ಯಕ್ಕೊಂದರಂತೆ ಗೋಲು ಹೊಡೆಯುವುದು ಹೇಗೆ? ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರಿದ್ದಾರೆ, ಪವಾಡ ಎಂದು ಕೊಂಡಾಡುವವರೂ ಇದ್ದಾರೆ. ಎರಡೂ ವಿಟೆಕ್ ಅವರಿಗೆ ಮಾಡುವ ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ಅವರ ವೃತ್ತಿಜೀವನವನ್ನು ಮೊದಲಿನಿಂದ ಬಿಡಿಸಿ ನೋಡಿದರೆ, ಸ್ಟ್ರೈಕರ್ ಎಂಬ ಕೆಲಸದ ಸ್ವರೂಪವೇ ಹಾಗಿದೆ ಎಂಬುದು ತಿಳಿಯುತ್ತದೆ. ಗೋಲುಗಳು ನಾಲೆಯ ನೀರಿನಂತೆ ದಿನವೂ ಒಂದೇ ಪ್ರಮಾಣದಲ್ಲಿ ಹರಿದು ಬರುವುದಿಲ್ಲ. ಮಳೆಯಂತೆ ಕೆಲವೊಮ್ಮೆ ಸುರಿಯುತ್ತವೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೈಕೊಡುತ್ತವೆ. ಯಾವಾಗ ಸುರಿಯುತ್ತವೆ ಎಂಬುದರಲ್ಲಿ ಆಟಗಾರನ ಪಾಲು ಎಷ್ಟು, ಸುತ್ತಲಿನ ತಂಡದ ಪಾಲು ಎಷ್ಟು ಎಂಬುದನ್ನು ವಿಂಗಡಿಸುವುದೇ ಕಷ್ಟದ ಕೆಲಸ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಮೊದಲಿಗೆ ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. ಬ್ಯಾಟರ್ ಕ್ರೀಸಿಗೆ ಬಂದ ಮೇಲೆ ಅವನ ಸರದಿಯ ಚೆಂಡು ಅವನ ಬಳಿಗೆ ಬಂದೇ ಬರುತ್ತದೆ. ಅದನ್ನು ಆಡುವುದೋ ಬಿಡುವುದೋ ಅವನಿಗೆ ಸೇರಿದ್ದು. ಆದ್ದರಿಂದ ಅವನ ಸರಾಸರಿ ಬಹುಮಟ್ಟಿಗೆ ಅವನದೇ ಲೆಕ್ಕ. ಫುಟ್‌ಬಾಲ್‌ನ ಸ್ಟ್ರೈಕರ್‌ಗೆ ತೊಂಬತ್ತು ನಿಮಿಷಗಳಲ್ಲಿ ಗೋಲಿಗೆ ಒದೆಯಬಲ್ಲ ಜಾಗದಲ್ಲಿ ಒಂದೇ ಒಂದು ಚೆಂಡೂ ಸಿಗದೆ ಹೋಗಬಹುದು. ಅವನು ಓಡಿದ್ದು, ರಕ್ಷಣಾ ಆಟಗಾರರನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿ ಜೊತೆಗಾರನಿಗೆ ಜಾಗ ಬಿಡಿಸಿದ್ದು, ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ಹಿಡಿದಿಟ್ಟುಕೊಂಡದ್ದು, ಇವು ಯಾವುವೂ ಅಂಕಪಟ್ಟಿಯಲ್ಲಿ ದಾಖಲಾಗುವುದಿಲ್ಲ. ದಾಖಲಾಗುವುದು ಗೋಲು ಮಾತ್ರ.

ವಿಟೆಕ್ ಹುಟ್ಟಿದ್ದು 1982ರ ಏಪ್ರಿಲ್ 1ರಂದು, ಬ್ರಾಟಿಸ್ಲಾವಾದಲ್ಲಿ. ಆಗ ಅದು ಚೆಕೊಸ್ಲೊವಾಕಿಯಾಕ್ಕೆ ಸೇರಿದ ನಗರ. 1993ರ ಜನವರಿ 1ರಂದು ಆ ದೇಶ ಶಾಂತಿಯುತವಾಗಿ ಎರಡಾದಾಗ ಅವರಿಗೆ ಹತ್ತು ವರ್ಷ. ಒಂದು ದೇಶದಲ್ಲಿ ಚೆಂಡು ಒದೆಯಲು ಕಲಿತ ಹುಡುಗ, ಬೀದಿ ಬದಲಿಸದೆಯೇ ಇನ್ನೊಂದು ದೇಶದ ಪ್ರಜೆಯಾದ. ಹೊಸ ದೇಶಕ್ಕೆ ಫುಟ್‌ಬಾಲ್ ಹೊಸದೇನೂ ಆಗಿರಲಿಲ್ಲ. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿದ ಚೆಕೊಸ್ಲೊವಾಕ್ ತಂಡದ ಬೆನ್ನೆಲುಬು ಸ್ಲೊವಾಕ್ ಆಟಗಾರರೇ ಆಗಿದ್ದರು; ನಾಯಕ ಆಂಟೊನ್ ಒಂಡ್ರುಷ್ ಬ್ರಾಟಿಸ್ಲಾವಾದ ಸ್ಲೋವಾನ್ ಕ್ಲಬ್ಬಿನವರು. ಅದಕ್ಕೂ ಮೊದಲು, 1969ರಲ್ಲಿ, ಬಾಸೆಲ್‌ನಲ್ಲಿ ನಡೆದ, ಯುರೋಪಿನ ದೇಶಗಳ ಕಪ್ ವಿಜೇತ ಕ್ಲಬ್ಬುಗಳು ಸೆಣಸುತ್ತಿದ್ದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಸ್ಲೋವಾನ್ ತಂಡ ಬಾರ್ಸಿಲೋನಾವನ್ನು 3-2ರಿಂದ ಮಣಿಸಿತ್ತು. ಆದರೆ ಆ ಕೀರ್ತಿಯೆಲ್ಲ ದಾಖಲೆಯ ಪುಸ್ತಕಗಳಲ್ಲಿ ಚೆಕೊಸ್ಲೊವಾಕಿಯಾದ ಹೆಸರಿನಲ್ಲಿ ಉಳಿಯಿತು. ಸ್ಲೊವಾಕಿಯಾ ಎಂಬ ಹೆಸರಿನಡಿ ಎಲ್ಲವನ್ನೂ ಹೊಸದಾಗಿ ಗಳಿಸಬೇಕಿತ್ತು.

ವಿಟೆಕ್ ಇದೇ ಸ್ಲೋವಾನ್ ಕ್ಲಬ್ಬಿನಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ ಹಿರಿಯರ ತಂಡಕ್ಕೆ ಬಂದರು. ಕ್ಲಬ್ಬಿನ ಮೈದಾನದ ಹೆಸರು ತೆಹೆಲ್ನೆ ಪೋಲೆ, ಅಂದರೆ ಇಟ್ಟಿಗೆ ಬಯಲು. ಸ್ಲೊವಾಕ್ ಭಾಷೆಯಲ್ಲಿ ಮುಂಚೂಣಿ ಆಟಗಾರನನ್ನು ‘ಉಟೊಚ್ನಿಕ್’ ಎನ್ನುತ್ತಾರೆ. ಆಕ್ರಮಣ ಮಾಡುವವನು ಎಂದು ಅದರ ನೇರ ಅರ್ಥ. ಸ್ವದೇಶದ ಲೀಗ್‌ನಲ್ಲಿ ಕೆಲವು ಋತುಗಳನ್ನು ಕಳೆದು, ಹೆಸರು ಮಾಡಿ, 2003ರ ಬೇಸಿಗೆಯಲ್ಲಿ ಅವರು ಜರ್ಮನಿಯ ನ್ಯೂರೆಂಬರ್ಗ್ ಕ್ಲಬ್ ಸೇರಿದರು. ಅದೇ ಬೇಸಿಗೆಯಲ್ಲಿ ಸ್ಲೊವಾಕಿಯಾದ ಜಿಲಿನಾ ಕ್ಲಬ್ಬಿನಿಂದ ಮಾರೆಕ್ ಮಿಂಟಾಲ್ ಕೂಡ ಅಲ್ಲಿಗೆ ಬಂದರು. ಈ ಇಬ್ಬರನ್ನು ಬೇರೆಬೇರೆಯಾಗಿ ನೋಡಿದರೆ ಕಥೆ ಅರ್ಧವೇ ತಿಳಿಯುತ್ತದೆ.

ಅದಕ್ಕೆ ಮೊದಲು, ಒಬ್ಬ ಸ್ಲೊವಾಕ್ ಆಟಗಾರ ಜರ್ಮನಿಗೆ ಹೋಗುವುದು ಅಷ್ಟು ಸಲೀಸಾದದ್ದು ಹೇಗೆ ಎಂಬುದನ್ನು ಹೇಳಬೇಕು. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಅವರ ಮೊಕದ್ದಮೆಯಲ್ಲಿ ಎರಡು ವಿಷಯಗಳನ್ನು ತೀರ್ಮಾನಿಸಿತು. ಒಪ್ಪಂದ ಮುಗಿದ ಆಟಗಾರನನ್ನು ಬಿಟ್ಟುಕೊಡಲು ಹಳೆಯ ಕ್ಲಬ್ ಹಣ ಕೇಳುವಂತಿಲ್ಲ ಎಂಬುದು ಒಂದು. ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರ ಮೇಲೆ ವಿದೇಶಿಯರೆಂಬ ಮಿತಿ ಹೇರುವಂತಿಲ್ಲ ಎಂಬುದು ಇನ್ನೊಂದು. ಸ್ಲೊವಾಕಿಯಾ ಒಕ್ಕೂಟಕ್ಕೆ ಸೇರಿದ್ದು 2004ರ ಮೇ 1ರಂದು, ಅಂದರೆ ವಿಟೆಕ್ ಜರ್ಮನಿಗೆ ಹೋದ ಮುಂದಿನ ವರ್ಷ. ಆದರೆ ಜರ್ಮನ್ ಫುಟ್‌ಬಾಲ್ ಬೋಸ್ಮನ್ ತೀರ್ಪಿನ ಬಳಿಕ ಒಂದು ಹೆಜ್ಜೆ ಮುಂದೆ ಹೋಗಿ, ಯುರೋಪಿನ ಫುಟ್‌ಬಾಲ್ ಮಂಡಳಿಯಾದ ಯುಇಎಫ್ಎಯ ಸದಸ್ಯ ದೇಶಗಳ ಎಲ್ಲ ಆಟಗಾರರಿಗೂ ಆ ಮಿತಿಯಿಂದ ವಿನಾಯಿತಿ ಕೊಟ್ಟಿತ್ತು. ಪೂರ್ವ ಯುರೋಪಿನ ಸಣ್ಣ ದೇಶಗಳ ಹುಡುಗರಿಗೆ ಜರ್ಮನಿಯ ಅಗ್ರ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದ ಬಾಗಿಲು ತೆರೆದದ್ದು ಹೀಗೆ.

ಜರ್ಮನಿಯ ಹ್ಯಾಂಡ್‌ಬಾಲ್ ಮಂಡಳಿ ಅಷ್ಟು ಉದಾರವಾಗಿರಲಿಲ್ಲ. ಅಲ್ಲಿ ಆಡುತ್ತಿದ್ದ ಸ್ಲೊವಾಕ್ ಗೋಲ್‌ಕೀಪರ್ ಮಾರೊಷ್ ಕೋಲ್ಪಾಕ್ ತನ್ನನ್ನು ವಿದೇಶಿಯರ ಮಿತಿಯಲ್ಲಿ ಎಣಿಸುವುದನ್ನು ಪ್ರಶ್ನಿಸಿದರು. ಒಕ್ಕೂಟದೊಂದಿಗೆ ಸಹಯೋಗ ಒಪ್ಪಂದ ಮಾಡಿಕೊಂಡ ದೇಶಗಳ ಪ್ರಜೆಗಳು ಕಾನೂನುಬದ್ಧವಾಗಿ ಕೆಲಸ ಮಾಡುತ್ತಿರುವಾಗ ಅವರ ಬಗ್ಗೆ ಭೇದ ಎಣಿಸುವಂತಿಲ್ಲ ಎಂದು 2003ರ ಮೇ 8ರಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಈ ಹೆಸರು ನಮ್ಮ ಕ್ರಿಕೆಟ್ ಓದುಗರಿಗೆ ಚಿರಪರಿಚಿತ. ದಕ್ಷಿಣ ಆಫ್ರಿಕಾದ ಕ್ರಿಕೆಟಿಗರು ತಮ್ಮ ರಾಷ್ಟ್ರೀಯ ತಂಡವನ್ನು ಬಿಟ್ಟು ಇಂಗ್ಲೆಂಡಿನ ಕೌಂಟಿಗಳಿಗೆ ಹೋಗಲು ಬಳಸಿಕೊಂಡ ‘ಕೋಲ್ಪಾಕ್ ಒಪ್ಪಂದ’ ಹುಟ್ಟಿದ್ದು ಈ ಸ್ಲೊವಾಕ್ ಹ್ಯಾಂಡ್‌ಬಾಲ್ ಆಟಗಾರನ ಮೊಕದ್ದಮೆಯಿಂದ.

ನ್ಯೂರೆಂಬರ್ಗ್‌ಗೆ ಮರಳೋಣ. ಇದು ಒಂಬತ್ತು ಬಾರಿ ಜರ್ಮನ್ ಚಾಂಪಿಯನ್ ಆಗಿದ್ದ ಹಳೆಯ ಮನೆತನ. ಅಲ್ಲಿಯ ಜನ ಅದನ್ನು ‘ದೆರ್ ಕ್ಲಬ್’ ಎಂದಷ್ಟೇ ಕರೆಯುತ್ತಾರೆ, ಬೇರೆ ಕ್ಲಬ್ಬುಗಳು ಇಲ್ಲವೇ ಇಲ್ಲ ಎಂಬಂತೆ. ಆದರೆ ಕೊನೆಯ ಚಾಂಪಿಯನ್ ಪಟ್ಟ ಬಂದದ್ದು 1968ರಲ್ಲಿ, ಅದರ ಮರುವರ್ಷವೇ ಕೆಳಗಿನ ಲೀಗ್‌ಗೆ ಕುಸಿತ. ಯುರೋಪಿನ ಲೀಗ್‌ಗಳಲ್ಲಿ ಪಟ್ಟಿಯ ತಳದಲ್ಲಿ ಉಳಿದ ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ, ಅಲ್ಲಿಯ ಮೇಲಿನ ತಂಡಗಳು ಮೇಲೇರುತ್ತವೆ. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೆ ಅವಮಾನವಷ್ಟೇ. ಅಲ್ಲಿ ಮರುವರ್ಷದ ಆದಾಯ, ಆಟಗಾರರು, ಪ್ರಸಾರದ ಹಣ ಎಲ್ಲವೂ ಕೈಬಿಟ್ಟು ಹೋಗಬಹುದು. ವಿಟೆಕ್ ಮತ್ತು ಮಿಂಟಾಲ್ ಬಂದಾಗ ನ್ಯೂರೆಂಬರ್ಗ್ ಆಗಷ್ಟೇ ಎರಡನೆಯ ದರ್ಜೆಗೆ ಇಳಿದಿತ್ತು. 2004ರಲ್ಲಿ ಅದು ಆ ದರ್ಜೆಯ ಚಾಂಪಿಯನ್ ಆಗಿ ಮೇಲೆ ಬಂತು.

ಮೇಲೇರಿದ ಮೊದಲ ಋತುವಿನಲ್ಲಿ, ಅಂದರೆ 2004-05ರಲ್ಲಿ, ಬುಂಡೆಸ್‌ಲೀಗಾದಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರು ಮಿಂಟಾಲ್: 24 ಗೋಲು. ಅವರು ಸ್ಟ್ರೈಕರ್ ಅಲ್ಲ, ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರ್. ಹಿಂದಿನಿಂದ ಯಾರ ಗಮನಕ್ಕೂ ಬಾರದಂತೆ ಬಂದು ಗೋಲು ಹೊಡೆಯುತ್ತಿದ್ದ ಕಾರಣ ಅವರಿಗೆ ‘ಫ್ಯಾಂಟಮ್’ ಎಂಬ ಅಡ್ಡಹೆಸರು ಬಿದ್ದಿತು. ಇಲ್ಲಿ ನಿಂತು ಯೋಚಿಸಬೇಕು. ಮಿಡ್‌ಫೀಲ್ಡರ್ ಒಬ್ಬ ಹಿಂದಿನಿಂದ ನುಗ್ಗಿ ಬರಲು ಎದುರಾಳಿಯ ರಕ್ಷಣೆಯಲ್ಲಿ ಬಿರುಕು ಇರಬೇಕು. ಆ ಬಿರುಕನ್ನು ಬಿಡಿಸುವವನು ಮುಂದೆ ಇರುವ ಸ್ಟ್ರೈಕರ್. ರಕ್ಷಣಾ ಆಟಗಾರ ಸ್ಟ್ರೈಕರ್ ಹಿಂದೆ ಹೋದರೆ ಅವನ ಜಾಗ ಖಾಲಿಯಾಗುತ್ತದೆ, ಹೋಗದಿದ್ದರೆ ಸ್ಟ್ರೈಕರ್ ಒಂಟಿಯಾಗಿ ಉಳಿಯುತ್ತಾನೆ. ಮಿಂಟಾಲ್ ಅವರ ಪ್ರತಿಭೆ ಪ್ರಶ್ನಾತೀತ. ಆದರೂ ಆ 24 ಗೋಲುಗಳ ಹಿಂದೆ ಮುಂಚೂಣಿಯಲ್ಲಿ ಓಡಾಡಿದವರ ಬೆವರಿನ ಪಾಲೂ ಇದೆ ಎಂಬುದು ನನ್ನ ನಂಬಿಕೆ. ಲೆಕ್ಕದ ಪುಸ್ತಕದಲ್ಲಿ ಆ ಪಾಲಿಗೆ ಕಾಲಮ್ಮೇ ಇಲ್ಲ.

ಮುಂದಿನ ಋತುವಿನಲ್ಲಿ ಪಾತ್ರಗಳು ಅದಲುಬದಲಾದವು. ಪಾದದ ಮೂಳೆ ಮುರಿದ ಮಿಂಟಾಲ್ 2005-06ರ ಬಹುಭಾಗ ಆಟದಿಂದ ಹೊರಗುಳಿದರು. ತಂಡ ಪಟ್ಟಿಯ ತಳಕ್ಕೆ ಜಾರಿತು. ಕೋಚ್ ವೋಲ್ಫ್‌ಗಾಂಗ್ ವೋಲ್ಫ್ ಹೋಗಿ, ನವೆಂಬರ್‌ನಲ್ಲಿ ಹಾನ್ಸ್ ಮೇಯರ್ ಬಂದರು. ಹಿಂದಿನ ಪೂರ್ವ ಜರ್ಮನಿಯಲ್ಲಿ ಪಳಗಿದ ಈ ಹಿರಿಯರು 1981ರಲ್ಲಿ ಕಾರ್ಲ್ ಜೈಸ್ ಯೇನಾ ಎಂಬ ತಂಡವನ್ನು ಕಪ್ ವಿನ್ನರ್ಸ್ ಕಪ್ ಫೈನಲ್‌ವರೆಗೆ ಕರೆದೊಯ್ದಿದ್ದವರು. ಚಳಿಗಾಲದ ವಿರಾಮದ ನಂತರ ವಿಟೆಕ್ ಗೋಲು ಹೊಡೆಯತೊಡಗಿದರು. ಡುಯಿಸ್‌ಬರ್ಗ್ ವಿರುದ್ಧ ಮೂರು ಗೋಲು. ಅದರ ಬೆನ್ನಿಗೇ ಕಲೋನ್ ವಿರುದ್ಧ ಮತ್ತೆ ಮೂರು. ಸತತ ಎರಡು ಪಂದ್ಯಗಳಲ್ಲಿ ಹ್ಯಾಟ್ರಿಕ್ ಎಂಬುದು ಬುಂಡೆಸ್‌ಲೀಗಾದ ಮಟ್ಟದಲ್ಲಿ ಬಹಳ ಅಪರೂಪ. ಆ ಋತುವಿನಲ್ಲಿ ಅವರ ಖಾತೆಗೆ ಸೇರಿದ್ದು ಒಟ್ಟು 16 ಗೋಲು, ಅವುಗಳಲ್ಲಿ ಹೆಚ್ಚಿನವು ಉತ್ತರಾರ್ಧದಲ್ಲಿ ಬಂದವು. ಕುಸಿತದ ಭಯದಲ್ಲಿದ್ದ ನ್ಯೂರೆಂಬರ್ಗ್ ಎಂಟನೆಯ ಸ್ಥಾನಕ್ಕೆ ಏರಿ ಋತು ಮುಗಿಸಿತು.

ಡಿಸೆಂಬರ್‌ನಲ್ಲಿ ಗೋಲು ಹೊಡೆಯಲು ಬಾರದವನು ಮಾರ್ಚ್‌ನಲ್ಲಿ ಹೇಗೆ ಕಲಿತ? ಅವನು ಏನನ್ನೂ ಹೊಸದಾಗಿ ಕಲಿತಿರಬೇಕಾಗಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು, ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ತಂಡದ ಆಟದ ರಚನೆ ಬದಲಾದಾಗ ಸ್ಟ್ರೈಕರ್‌ಗೆ ಸಿಗುವ ಚೆಂಡುಗಳ ಸಂಖ್ಯೆಯೂ ಗುಣವೂ ಬದಲಾಗುತ್ತವೆ. ಮೊದಲು ಇನ್ನೊಬ್ಬರಿಗೆ ಹೋಗುತ್ತಿದ್ದ ಕೊನೆಯ ಪಾಸ್ ಈಗ ಅವನಿಗೆ ಬರುತ್ತದೆ. ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು. ಗೋಲಿಲ್ಲದೆ ಕೆಲವು ವಾರ ಕಳೆದ ಆಟಗಾರ ಚೆಂಡು ಸಿಕ್ಕಾಗ ಅರೆಕ್ಷಣ ಹೆಚ್ಚು ಯೋಚಿಸುತ್ತಾನೆ, ಪೆನಾಲ್ಟಿ ಆವರಣದಲ್ಲಿ ಆ ಅರೆಕ್ಷಣದಲ್ಲಿ ಎದುರಾಳಿಯ ಕಾಲು ಅಡ್ಡ ಬಂದಿರುತ್ತದೆ. ಮೂರನೆಯದು ಶುದ್ಧ ಗಣಿತ. ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿಸಿ ಬರೆದಿಟ್ಟುಕೊಂಡರೆ ಸತತವಾಗಿ ನಾಲ್ಕು ಬಾರಿ ಒಂದೇ ಮುಖ ಬಿದ್ದಿರುವ ಜಾಗ ಎಲ್ಲಾದರೂ ಸಿಗುವುದೇ ಹೆಚ್ಚು. ಅಪರೂಪದ ಘಟನೆಗಳು ಸಮಾನ ಅಂತರದಲ್ಲಿ ನಡೆಯುವುದಿಲ್ಲ, ಗುಂಪುಗುಂಪಾಗಿ ಬೀಳುತ್ತವೆ. ಗೋಲು ಒಂದು ಅಪರೂಪದ ಘಟನೆ.

ನಂತರದ ಎರಡು ವರ್ಷಗಳಲ್ಲಿ ನ್ಯೂರೆಂಬರ್ಗ್ ಶಿಖರವನ್ನೂ ಕಂಡಿತು, ಕಣಿವೆಯನ್ನೂ ಕಂಡಿತು. 2006-07ರಲ್ಲಿ ಲೀಗ್‌ನಲ್ಲಿ ಆರನೆಯ ಸ್ಥಾನ. 2007ರ ಮೇ 26ರಂದು ಬರ್ಲಿನ್‌ನಲ್ಲಿ ಸ್ಟುಟ್‌ಗಾರ್ಟ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 3-2ರ ಗೆಲುವು ಮತ್ತು ಜರ್ಮನ್ ಕಪ್. ಆ ಕ್ಲಬ್‌ಗೆ 39 ವರ್ಷಗಳ ಬಳಿಕ ಬಂದ ದೊಡ್ಡ ಪ್ರಶಸ್ತಿ ಅದು. ಮರುವರ್ಷ ಯುಇಎಫ್ಎ ಕಪ್‌ನಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ಬಿನ ಎದುರು ಸೋಲುವವರೆಗೆ ಮುನ್ನಡೆದ ತಂಡ, ಲೀಗ್‌ನಲ್ಲಿ 16ನೆಯ ಸ್ಥಾನಕ್ಕೆ ಕುಸಿದು ಮತ್ತೆ ಎರಡನೆಯ ದರ್ಜೆಗೆ ಇಳಿಯಿತು. 1968-69ರ ಕಥೆಯೇ ಮರುಕಳಿಸಿದಂತಿತ್ತು. 2006ರ ವಸಂತದ ಆ ಲಯ ವಿಟೆಕ್ ಅವರಿಗೂ ಮತ್ತೆ ಅದೇ ತೀವ್ರತೆಯಲ್ಲಿ ದಕ್ಕಲಿಲ್ಲ. 2008ರಲ್ಲಿ ಅವರು ಲಿಲ್ ಸೇರಿದರು.

ಲಿಲ್ ಆಗ ಕೋಚ್ ರೂಡಿ ಗಾರ್ಸಿಯಾ ಅವರ ಅಡಿಯಲ್ಲಿ ಮೇಲೇರುತ್ತಿದ್ದ, ಮುಂದೆ 2011ರಲ್ಲಿ ಫ್ರೆಂಚ್ ಚಾಂಪಿಯನ್ ಆದ ತಂಡ. ಅಲ್ಲಿ ಮುಂಚೂಣಿಯ ಸ್ಥಾನಗಳಿಗೆ ಪೈಪೋಟಿ ಜೋರಾಗಿತ್ತು, ಮತ್ತು 2010ರ ಆರಂಭದಲ್ಲಿ ವಿಟೆಕ್ ಎರವಲಿನ ಮೇಲೆ ಅಂಕಾರಾಗುಜುಗೆ ಹೋದರು. ಎರವಲು ಎಂಬ ಪದ್ಧತಿ ಬಗ್ಗೆ ಒಂದು ಮಾತು. ಒಪ್ಪಂದ ಮೂಲ ಕ್ಲಬ್ಬಿನೊಂದಿಗೇ ಇರುತ್ತದೆ; ಆಟಗಾರ ನಿಗದಿತ ಅವಧಿಗೆ ಇನ್ನೊಂದು ಕ್ಲಬ್ಬಿಗಾಗಿ ಆಡುತ್ತಾನೆ; ಸಂಬಳದ ಹೊರೆಯನ್ನು ಎರಡೂ ಕ್ಲಬ್ಬುಗಳು ತಮ್ಮೊಳಗೆ ಹಂಚಿಕೊಳ್ಳುವುದುಂಟು. ವಿಶ್ವಕಪ್ ಇರುವ ವರ್ಷದ ಜನವರಿಯಲ್ಲಿ ಇಂಥ ಎರವಲುಗಳಿಗೆ ವಿಶೇಷ ಅರ್ಥವಿದೆ, ಏಕೆಂದರೆ ಬೆಂಚಿನ ಮೇಲೆ ಕುಳಿತ ಆಟಗಾರನನ್ನು ರಾಷ್ಟ್ರೀಯ ತಂಡಕ್ಕೆ ಆರಿಸಲು ಯಾವ ಕೋಚ್ ಕೂಡ ಹಿಂದೆಮುಂದೆ ನೋಡುತ್ತಾರೆ. ದೊಡ್ಡ ಕ್ಲಬ್ಬಿನ ಬೆಂಚಿಗಿಂತ ಸಣ್ಣ ಕ್ಲಬ್ಬಿನ ಮೈದಾನ ಮೇಲು ಎಂಬುದು ಆಟಗಾರರಿಗೆ ಗೊತ್ತಿರುವ ಸತ್ಯ. ಎರವಲನ್ನು ಕೇವಲ ಹಿನ್ನಡೆ ಎಂದು ಓದುವುದು ತಪ್ಪು.

ಇಷ್ಟರಲ್ಲಿ ರಾಷ್ಟ್ರೀಯ ತಂಡ ತನ್ನದೇ ದಾರಿಯಲ್ಲಿ ಬೆಳೆದಿತ್ತು. 2006ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಸ್ಲೊವಾಕಿಯಾ ರಷ್ಯಾವನ್ನು ಹಿಂದಿಕ್ಕಿ ಪ್ಲೇಆಫ್ ತಲುಪಿತ್ತು. ಅಲ್ಲಿ ಸ್ಪೇನ್ ಮ್ಯಾಡ್ರಿಡ್‌ನಲ್ಲಿ 5-1ರಿಂದ ಗೆದ್ದು ಆಸೆಯನ್ನು ಚಿವುಟಿತು. ನಾಲ್ಕು ವರ್ಷಗಳ ಬಳಿಕ ಪೋಲೆಂಡ್, ಚೆಕ್ ಗಣರಾಜ್ಯ, ಸ್ಲೊವೇನಿಯಾ, ಉತ್ತರ ಐರ್ಲೆಂಡ್ ಮತ್ತು ಸ್ಯಾನ್ ಮರಿನೊ ಇದ್ದ ಗುಂಪಿನಲ್ಲಿ ಅದು ಮೊದಲ ಸ್ಥಾನ ಪಡೆಯಿತು. ಪ್ರಾಗ್‌ನಲ್ಲಿ, ಒಂದು ಕಾಲದ ಸೋದರ ರಾಷ್ಟ್ರವನ್ನು, ಅವರದೇ ನೆಲದಲ್ಲಿ 2-1ರಿಂದ ಸೋಲಿಸಿದ ಪಂದ್ಯವನ್ನು ಸ್ಲೊವಾಕರು ಎಂದಿಗೂ ಮರೆಯಲಾರರು. ಕೊನೆಯ ಪಂದ್ಯ 2009ರ ಅಕ್ಟೋಬರ್ 14ರಂದು ಪೋಲೆಂಡಿನ ಹೊಜುವ್ ನಗರದಲ್ಲಿ ನಡೆಯಿತು. ಹಿಮ ಸುರಿಯುತ್ತಿತ್ತು, ಮೈದಾನ ಬೆಳ್ಳಗಾಗಿತ್ತು. ಪೋಲೆಂಡಿನ ಆಟಗಾರನೊಬ್ಬ ಆರಂಭದಲ್ಲೇ ತನ್ನ ಗೋಲಿಗೆ ಚೆಂಡು ಸೇರಿಸಿಬಿಟ್ಟಿದ್ದ. ಆ 1-0 ಅಂತರವನ್ನು ಸ್ಲೊವಾಕಿಯಾ ಕೊನೆಯವರೆಗೂ ಕಾಪಾಡಿಕೊಂಡಿತು.

ಈ ಅರ್ಹತಾ ಸುತ್ತಿನಲ್ಲಿ ತಂಡದ ಪರ ಹೆಚ್ಚು ಗೋಲು ಗಳಿಸಿದವರು ವಿಟೆಕ್ ಅಲ್ಲ, ಆರು ಗೋಲು ಗಳಿಸಿದ ಸ್ತಾನಿಸ್ಲಾವ್ ಷೆಸ್ತಾಕ್. ಬ್ರಾಟಿಸ್ಲಾವಾದಲ್ಲಿ ಪೋಲೆಂಡ್ ವಿರುದ್ಧ ಹಿಂದೆ ಬಿದ್ದಿದ್ದಾಗ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಪಂದ್ಯ ಗೆಲ್ಲಿಸಿದವರೂ ಅವರೇ. ದಕ್ಷಿಣ ಆಫ್ರಿಕಾಕ್ಕೆ ತಂಡವನ್ನು ಹೊತ್ತು ತಂದವರು ಒಬ್ಬರು, ಅಲ್ಲಿ ಮಿಂಚಿದವರು ಇನ್ನೊಬ್ಬರು.

ಕೋಚ್ ವ್ಲಾದಿಮಿರ್ ವೈಸ್. ತಂಡದಲ್ಲಿ ಇನ್ನೊಬ್ಬ ವ್ಲಾದಿಮಿರ್ ವೈಸ್ ಇದ್ದರು, ಅವರು ಕೋಚ್ ಅವರ ಮಗ. ಅದೇ ಹೆಸರಿನ ಅಜ್ಜ 1964ರ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾಕ್ಕೆ ಬೆಳ್ಳಿ ತಂದ ತಂಡದಲ್ಲಿದ್ದವರು. ಒಂದು ಪುಟ್ಟ ದೇಶದ ಫುಟ್‌ಬಾಲ್ ಎಷ್ಟು ಮನೆಮಂದಿಯ ವ್ಯವಹಾರ ಎಂಬುದಕ್ಕೆ ಇದೊಂದು ಸಾಕು.

ಮೊದಲ ಪಂದ್ಯ ಜೂನ್ 15ರಂದು ರುಸ್ಟೆನ್‌ಬರ್ಗ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ. ಐವತ್ತನೆಯ ನಿಮಿಷದಲ್ಲಿ ಷೆಸ್ತಾಕ್ ಬದಿಯಿಂದ ಗೋಲಿನ ಮುಂದಕ್ಕೆ ಕಳಿಸಿದ ಚೆಂಡಿಗೆ, ಅಂದರೆ ಕ್ರಾಸ್‌ಗೆ, ವಿಟೆಕ್ ತಲೆಕೊಟ್ಟರು. ಸ್ವತಂತ್ರ ಸ್ಲೊವಾಕಿಯಾದ ಮೊದಲ ವಿಶ್ವಕಪ್ ಗೋಲು ಅದು. ಹೆಚ್ಚುವರಿ ನಿಮಿಷಗಳಲ್ಲಿ ವಿನ್‌ಸ್ಟನ್ ರೀಡ್ ಸಮ ಮಾಡಿದಾಗ ಗೆಲುವು ಕೈತಪ್ಪಿತು. ಎರಡನೆಯ ಪಂದ್ಯದಲ್ಲಿ ಪರಗ್ವೆ 2-0ರಿಂದ ಗೆದ್ದಿತು; ವಿಟೆಕ್ ಸೇರಿ ಯಾರೂ ಗೋಲು ಕಾಣಲಿಲ್ಲ. ಹೀಗೆ ಕೇವಲ ಒಂದು ಅಂಕದೊಂದಿಗೆ, ಗೆಲ್ಲದೆ ಬೇರೆ ದಾರಿಯಿಲ್ಲದ ಸ್ಥಿತಿಯಲ್ಲಿ ತಂಡ ಎಲ್ಲಿಸ್ ಪಾರ್ಕ್‌ಗೆ ಬಂದಿತ್ತು.

ಅಲ್ಲಿಯ ಮೊದಲ ಗೋಲನ್ನು ಆರಂಭದಲ್ಲೇ ಹೇಳಿದೆ. ಎರಡನೆಯದು ಎಪ್ಪತ್ತಮೂರನೆಯ ನಿಮಿಷದ್ದು, ಮತ್ತು ಸ್ಟ್ರೈಕರ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಸ್ಲೊವಾಕಿಯಾಕ್ಕೆ ಸಿಕ್ಕ ಕಾರ್ನರ್ ಅನ್ನು ಇಟಲಿ ಹೊರಗೆ ತಳ್ಳಿತು, ಚೆಂಡು ಮತ್ತೆ ಸ್ಲೊವಾಕಿಯಾದ ಮಾರೆಕ್ ಹಮ್ಶಿಕ್ ಅವರ ಕಾಲಿಗೆ ಬಂತು. ಇಂಥ ಕ್ಷಣದಲ್ಲಿ ರಕ್ಷಣೆಯವರು ಅಪಾಯ ಕಳೆಯಿತೆಂದು ಮುಂದಕ್ಕೆ ಹೆಜ್ಜೆ ಹಾಕಲು ತೊಡಗಿರುತ್ತಾರೆ, ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ. ಹಮ್ಶಿಕ್ ತಡಮಾಡದೆ ಚೆಂಡನ್ನು ಮತ್ತೆ ಒಳಗೆ ಕಳಿಸಿದರು. ಇಟಲಿಯ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಒಬ್ಬರಾದ ಜಾರ್ಜೊ ಕಿಯೆಲ್ಲಿನಿ ವಿಟೆಕ್ ಅವರ ಬೆನ್ನಿಗಿದ್ದರು. ಗೋಲಿನ ಹತ್ತಿರದ ಕಂಬದ ಕಡೆಗೆ ವಿಟೆಕ್ ಒಂದು ಹೆಜ್ಜೆ ಮೊದಲು ಇಟ್ಟರು. ಅಷ್ಟೇ, ಒಂದು ಹೆಜ್ಜೆ. ಕಿಯೆಲ್ಲಿನಿಗಿಂತ ಮೊದಲು ಕಾಲು ತಗುಲಿಸಿ ಚೆಂಡಿನ ದಿಕ್ಕು ತಿರುಗಿಸಿದರು.

ಹತ್ತಿರದ ಕಂಬಕ್ಕೆ ಓಡುವುದರ ಲಾಭ ಇದು: ಅಲ್ಲಿ ಚೆಂಡಿಗೆ ಜೋರಾಗಿ ಒದೆಯುವ ಅಗತ್ಯವಿಲ್ಲ, ಬರುವ ವೇಗವನ್ನೇ ಬಳಸಿಕೊಂಡು ಮುಟ್ಟಿದರೆ ಸಾಕು, ಗೋಲ್‌ಕೀಪರ್‌ಗೆ ಪ್ರತಿಕ್ರಿಯಿಸಲು ಸಮಯ ಸಿಗುವುದಿಲ್ಲ. ನಷ್ಟವೂ ಇದೆ. ಕ್ರಾಸ್ ಅಲ್ಲಿಗೆ ಬಾರದಿದ್ದರೆ ಓಟ ಪೂರ್ತಿ ವ್ಯರ್ಥ. ಸ್ಟ್ರೈಕರ್ ಒಂದು ಪಂದ್ಯದಲ್ಲಿ ಇಂಥ ಓಟವನ್ನು ಮತ್ತೆ ಮತ್ತೆ ಓಡುತ್ತಾನೆ. ಬಹುತೇಕ ಸಲ ಚೆಂಡು ಬೇರೆಲ್ಲೋ ಹೋಗುತ್ತದೆ, ಪ್ರೇಕ್ಷಕರು ಅವನ ಓಟವನ್ನು ನೋಡಿಯೇ ಇರುವುದಿಲ್ಲ. ವಿಟೆಕ್ ನ್ಯೂರೆಂಬರ್ಗ್‌ನಲ್ಲಿ, ಲಿಲ್‌ನಲ್ಲಿ, ಅಂಕಾರಾದಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಿದ ಓಟವೇ ಅದು. ಆ ಸಂಜೆ ಚೆಂಡು ಬಂತು.

ಆಮೇಲಿನ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿಸುವಂಥವು. ಅಂಟೋನಿಯೊ ಡಿ ನತಾಲೆ ಇಟಲಿಗೆ ಒಂದು ಗೋಲು ತಂದರು. ಬದಲಿ ಆಟಗಾರನಾಗಿ ಆಗಷ್ಟೇ ಬಂದಿದ್ದ ಕಮಿಲ್ ಕೊಪುನೆಕ್ ಒಂದು ಉದ್ದನೆಯ ಥ್ರೋ-ಇನ್ ಬೆನ್ನುಹತ್ತಿ ಚೆಂಡನ್ನು ಮಾರ್ಕೆಟ್ಟಿ ಮೇಲಿನಿಂದ ಎತ್ತಿ ಹಾಕಿ 3-1 ಮಾಡಿದರು. ಫಾಬಿಯೊ ಕ್ವಾಲ್ಯರೆಲ್ಲಾ ದೂರದಿಂದ ಸುಂದರವಾಗಿ ತೇಲಿಸಿದ ಚೆಂಡು 3-2 ಮಾಡಿತು. ಶಿಳ್ಳೆ ಮೊಳಗಿದಾಗ ಹಾಲಿ ಚಾಂಪಿಯನ್ ಇಟಲಿ ಎರಡು ಅಂಕಗಳೊಂದಿಗೆ ಗುಂಪಿನ ಕೊನೆಯ ಸ್ಥಾನದಲ್ಲಿತ್ತು. ನಾಲ್ಕು ಅಂಕಗಳ ಸ್ಲೊವಾಕಿಯಾ ಪರಗ್ವೆಯ ಹಿಂದೆ ಎರಡನೆಯ ಸ್ಥಾನ ಪಡೆದು ಮುಂದಿನ ಸುತ್ತಿಗೆ ಹೋಯಿತು.

ಜೂನ್ 28ರಂದು ಡರ್ಬನ್‌ನಲ್ಲಿ ನೆದರ್ಲೆಂಡ್ಸ್ ಎದುರು ಆ ಪಯಣ ಮುಗಿಯಿತು. ರೊಬೆನ್ ಮತ್ತು ಸ್ನೈಡರ್ ಹೊಡೆದ ಗೋಲುಗಳಿಂದ ಡಚ್ಚರು 2-0 ಮುಂದಿದ್ದರು. ದ್ವಿತೀಯಾರ್ಧದಲ್ಲಿ, ಅಂತರ ಇನ್ನೂ ಒಂದೇ ಗೋಲಿನದಾಗಿದ್ದಾಗ, ವಿಟೆಕ್ ಅವರಿಗೆ ಸಿಕ್ಕ ಉತ್ತಮ ಅವಕಾಶವನ್ನು ಗೋಲ್‌ಕೀಪರ್ ಮಾರ್ಟೆನ್ ಸ್ಟೆಕೆಲೆನ್‌ಬರ್ಗ್ ತಡೆದಿದ್ದರು. ಪಂದ್ಯದ ಕಟ್ಟಕಡೆಯ ಕ್ಷಣದಲ್ಲಿ ಅದೇ ಗೋಲ್‌ಕೀಪರ್ ಮಾರ್ಟಿನ್ ಯಾಕುಬ್ಕೊ ಅವರನ್ನು ಕೆಡವಿದ್ದಕ್ಕೆ ಪೆನಾಲ್ಟಿ ಸಿಕ್ಕಿತು. ವಿಟೆಕ್ ಅದನ್ನು ಗೋಲಾಗಿಸಿದರು. ಫಲಿತಾಂಶ ಬದಲಾಗಲಿಲ್ಲ, ಆದರೆ ಆ ರಾತ್ರಿ ವಿಶ್ವಕಪ್‌ನ ಗೋಲು ಗಳಿಕೆದಾರರ ಪಟ್ಟಿಯ ತುದಿಯಲ್ಲಿ ಇಗ್ವಾಯಿನ್ ಜೊತೆ ವಿಟೆಕ್ ಹೆಸರಿತ್ತು. ತಂಡ ಗಳಿಸಿದ ಐದು ಗೋಲುಗಳಲ್ಲಿ ನಾಲ್ಕು ಅವರವು. ಈ ನಾಲ್ಕನ್ನು ಬಿಡಿಸಿ ನೋಡಿದರೆ ಒಂದು ಹೆಡರ್, ಒಂದು ಪೆನಾಲ್ಟಿ ಆವರಣದಂಚಿನ ಹೊಡೆತ, ಒಂದು ಹತ್ತಿರದ ಕಂಬದ ಸ್ಪರ್ಶ, ಒಂದು ಪೆನಾಲ್ಟಿ. ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು ಪೆನಾಲ್ಟಿಗಳು ಗೋಲಾಗುತ್ತವೆ, ಆದ್ದರಿಂದ ಕೊನೆಯದನ್ನು ಪಕ್ಕಕ್ಕಿಡಬಹುದು. ಉಳಿದ ಮೂರೂ ಬೇರೆಬೇರೆ ಬಗೆಯ ಕೌಶಲ ಬೇಡುವಂಥವು. ಅದೃಷ್ಟದ ಆಟಗಾರನಿಗೆ ಒಂದೇ ಬಗೆಯ ಚೆಂಡು ಮೂರು ಸಲ ಸಿಗಬಹುದು, ಮೂರು ಬಗೆಯವನ್ನು ಗೋಲಾಗಿಸಲು ಕಸುಬು ಗೊತ್ತಿರಬೇಕು.

ವಿಶ್ವಕಪ್‌ನಲ್ಲಿ ಹೀಗೆ ಮಿಂಚಿದವರಿಗೆ ದೊಡ್ಡ ಕ್ಲಬ್ಬುಗಳ ಕರೆ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ವಿಟೆಕ್ ಎರವಲಿನ ಬಳಿಕ ಅಂಕಾರಾಗುಜುವಿನಲ್ಲೇ ಮುಂದುವರಿದರು. ಆಟಗಾರರನ್ನು ಕೊಳ್ಳುವವರು ನಾಲ್ಕು ಪಂದ್ಯಗಳನ್ನಲ್ಲ, ನಾಲ್ಕು ವರ್ಷಗಳನ್ನು ನೋಡುತ್ತಾರೆ. ವಯಸ್ಸು, ಗಾಯಗಳ ಚರಿತ್ರೆ, ಲೀಗ್‌ನ ಸಾಧನೆ ಎಲ್ಲವನ್ನೂ ತೂಗುತ್ತಾರೆ. ಆ ಕ್ಲಬ್ ಮುಂದೆ ಹಣಕಾಸಿನ ತೀವ್ರ ಸಂಕಷ್ಟಕ್ಕೆ ಸಿಲುಕಿ 2012ರಲ್ಲಿ ಕೆಳದರ್ಜೆಗೆ ಇಳಿಯಿತು, ವಿಟೆಕ್ ಟರ್ಕಿಯದೇ ಇನ್ನೊಂದು ಕ್ಲಬ್ ಟ್ರಾಬ್ಜಾನ್‌ಸ್ಪೋರ್ ಸೇರಿದರು. ಹಂಗೇರಿಯ ಡೆಬ್ರೆಟ್ಸೆನ್ ಪರವಾಗಿಯೂ ಆಡಿದರು. ಕೊನೆಯ ವರ್ಷಗಳಿಗೆ ಅವರು ಮರಳಿದ್ದು ತಾವು ಹೊರಟಿದ್ದ ಸ್ಲೋವಾನ್‌ಗೆ.

ರಾಷ್ಟ್ರೀಯ ತಂಡದ ಪರ ಅವರ ಒಟ್ಟು ಲೆಕ್ಕ 82 ಪಂದ್ಯ, 23 ಗೋಲು. ಸರಾಸರಿ ತೆಗೆದರೆ ಸುಮಾರು ಮೂರೂವರೆ ಪಂದ್ಯಕ್ಕೆ ಒಂದು ಗೋಲು; ಆದರೆ ಆ ಸರಾಸರಿಗೆ ಹೊಂದುವ ವಿಟೆಕ್ ಎಂದೂ ಮೈದಾನಕ್ಕೆ ಇಳಿದಿರಲಿಲ್ಲ. ಇಳಿದವರು ಒಂದೋ ತಿಂಗಳುಗಟ್ಟಲೆ ಬರಿಗೈಯಲ್ಲಿ ಹಿಂತಿರುಗಿದ ವಿಟೆಕ್, ಇಲ್ಲವೇ ಕಾರ್ಡಿಫ್‌ನಲ್ಲಿ ವೇಲ್ಸ್ ತಂಡವನ್ನು 5-1ರಿಂದ ಚಿಂದಿ ಮಾಡಿದ 2006ರ ಅಕ್ಟೋಬರ್ ಪಂದ್ಯದಲ್ಲಿ ಐದನೆಯ ಗೋಲು ಸೇರಿಸಿದ ವಿಟೆಕ್. ಆ 23 ಗೋಲುಗಳು ಸಿಲಾರ್ಡ್ ನೆಮೆತ್ ಅವರ 22ನ್ನು ದಾಟಿ ಸ್ಲೊವಾಕಿಯಾದ ದಾಖಲೆಯಾಗಿ ವರ್ಷಗಳ ಕಾಲ ನಿಂತವು. ಮುಂದೆ ಅದನ್ನು ದಾಟಿ 26ಕ್ಕೆ ಒಯ್ದವರು, ಎಲ್ಲಿಸ್ ಪಾರ್ಕ್‌ನಲ್ಲಿ ಹತ್ತಿರದ ಕಂಬಕ್ಕೆ ಆ ಕ್ರಾಸ್ ಕಳಿಸಿದ್ದ ಮಾರೆಕ್ ಹಮ್ಶಿಕ್.